ಊಟಕ್ಕೆ ಹೊರಗೆ ಹೋಗುವ ಕೈದಿಗಳು

ಪಿಯೆದ್ರಾ ಕೌಂಟಿಯ ಜೈಲಿಗೆ ಅಡುಗೆಮನೆ ಇಲ್ಲ. ಕಟ್ಟಿಸುವಾಗ ಮರೆತರೋ, ಅದರ ದುಡ್ಡನ್ನು ಯಾರಾದರೂ ನುಂಗಿದರೋ, ನಮ್ಮೂರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇರುವುದು ಮೂರು ಕೋಣೆ, ಒಂದು ಮೇಜು, ಮೇಜಿನ ಹಿಂದೆ ಜೈಲರ್ ನಸಾರಿಯೊ ಮೊಂತಾನೊ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬ್ರೆಡ್ಡು, ಡಬ್ಬಿಯ ಬೀನ್ಸು ಅಂತ ಹೇಗೋ ನಡೆಯುತ್ತಿತ್ತು. ರಾತ್ರಿಯೂಟಕ್ಕೆ ಮಾತ್ರ ಕೈದಿಗಳು ರಸ್ತೆ ದಾಟಿ ನಸಾರಿಯೊನ ಮನೆಗೇ ಹೋಗಬೇಕು.

ಅವನ ಹೆಂಡತಿ ಪೆರ್ಫೆಕ್ತಾಗೆ ಕೌಂಟಿಯವರು ಬೇಯಿಸುವುದಕ್ಕೆ ಕಾಸು ಕೊಡುತ್ತಿದ್ದರು, ಹೊತ್ತು ತರುವುದಕ್ಕೆ ಕೊಡುತ್ತಿರಲಿಲ್ಲ. "ಬೇಯ್ಸಿ ಹಾಕ್ತೀನಿ. ಹೊತ್ಕೊಂಡ್ ಬಂದು ಬಡಿಸೋಕೆ ಅವ್ರೇನು ನನ್ನ ಅಳಿಯಂದ್ರಾ?" ಎಂದು ಅವಳು ಮೊದಲ ವಾರವೇ ಹೇಳಿಬಿಟ್ಟಿದ್ದಳು. ಹೀಗಾಗಿ ದನ ಕದ್ದವನಿಂದ ಹಿಡಿದು ಭಾವಮೈದುನನ ಹಲ್ಲು ಉದುರಿಸಿದವನವರೆಗೆ ಎಲ್ಲರೂ ಸಂಜೆ ಆರಕ್ಕೆ ಸಾಲಾಗಿ ಹೊರಟು, ಹಸಿಮೆಣಸಿನಕಾಯಿ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ತಿಂದು, ತಟ್ಟೆ ತೊಳೆದಿಟ್ಟು, ಏಳಕ್ಕೆ ವಾಪಸು ಬಂದು ಒಳಗೆ ಕೂರುತ್ತಿದ್ದರು. ಒಬ್ಬನೂ ಓಡಿಹೋದವನಲ್ಲ. ಓಡಿದರೆ ಮರುದಿನದ ಊಟ ತಪ್ಪುತ್ತದಲ್ಲ! ನಸಾರಿಯೊ ನಿಯತ್ತಿನ ಮನುಷ್ಯ, ಊರಿನವರು ಮರ್ಯಾದೆಗೆ 'ಡಾನ್' ಸೇರಿಸಿಯೇ ಕರೆಯುತ್ತಿದ್ದರು. ಆರಕ್ಕೆ ಹೊರಗೆ, ಏಳಕ್ಕೆ ಒಳಗೆ ಎಂದು ಜೈಲಿನ ಪುಸ್ತಕದಲ್ಲಿ ದಿನವೂ ಬರೆದಿಡುತ್ತಿದ್ದ.

ಆ ವರ್ಷ ಕೌಂಟಿಯ ಬೊಕ್ಕಸ ಬರಿದಾಯಿತು. ಸಮಿತಿಯ ಅಧ್ಯಕ್ಷರು ನಸಾರಿಯೊನನ್ನು ಕರೆಸಿದರು. "ನೋಡಪ್ಪಾ, ಕಾಗದಪತ್ರ ಇಲ್ದೆ ಈ ದೇಶದಲ್ಲಿರೋರನ್ನ ಜೈಲಲ್ಲಿಟ್ರೆ, ಜೈಲರ್ ಸಂಬಳದಲ್ಲಿ ಒಂದು ಪಾಲು ವಾಷಿಂಗ್ಟನ್ನಿಂದ ಬರುತ್ತಂತೆ. ಬಂದ್ರೆ ನಿನ್ನ ಕೆಲಸ ಇರುತ್ತೆ. ಬರ್ಲಿಲ್ಲ ಅಂದ್ರೆ ಜೈಲಿಗೆ ಬೀಗ, ಕೈದಿಗಳು ಪಕ್ಕದ ಕೌಂಟಿಗೆ." ನಸಾರಿಯೊನ ಪಿಂಚಣಿಗೆ ಇನ್ನೊಂದೇ ವರ್ಷ ಬಾಕಿಯಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಲೂ ಅವನಿಗೆ ಬಾಯಿ ಬರಲಿಲ್ಲ.

ಅರ್ಜಿ ತುಂಬುವ ಕೆಲಸ ಗುಮಾಸ್ತೆ ಒದಿಲಿಯಾಳ ಪಾಲಿಗೆ ಬಂತು. ನಾಯಿಗೆ ಲೈಸೆನ್ಸು ಕೊಡುವುದೂ ಅವಳೇ, ಫೋನು ಎತ್ತುವುದೂ ಅವಳೇ. ನಿಯಮಗಳನ್ನೆಲ್ಲ ಓದಿ, ಜೈಲಿನ ಪುಸ್ತಕ ತಿರುವಿಹಾಕಿ, ತಲೆಯ ಮೇಲೆ ಕೈಹೊತ್ತು ಕೂತಳು.

"ಡಾನ್ ನಸಾರಿಯೊ, ಕೈದಿಗೆ ಎರಡು ಸಲ ಶಿಕ್ಷೆ ಆಗಿರ್ಬೇಕು, ಬಿಡುವಿಲ್ದೆ ನಾಲ್ಕು ದಿನ ಒಳಗಿರ್ಬೇಕು ಅಂತಾರೆ. ನಿಮ್ಮ ಪುಸ್ತಕ ನೋಡಿದ್ರೆ, ಈ ಜೈಲಲ್ಲಿ ಒಂದು ದಿನಾನೂ ಪೂರ್ತಿ ಯಾರೂ ಇದ್ದೇ ಇಲ್ಲ."

"ಇದ್ರಲ್ಲಮ್ಮಾ. ಊಟಕ್ಕೆ ಹೋಗಿದ್ರು, ಅಷ್ಟೇ."

"ಊಟಕ್ಕೆ ಹೊರಗೆ ಹೋಗೋರನ್ನ ಅವ್ರು ಕೈದಿ ಅನ್ನಲ್ಲ."

"ಮತ್ತೇನಂತಾರೆ, ನೆಂಟ್ರು ಅಂತಾರಾ?"

ಲೆಕ್ಕದ ವರ್ಷ ಮುಗಿಯಲು ಒಂದೇ ವಾರ ಇರುವಾಗ, ದೇವರೇ ಕಳಿಸಿದ ಹಾಗೆ ತೆಯೋಫಿಲೊ ಸಿಕ್ಕಿಬಿದ್ದ. ಪೆರುವಿನ ಕುರುಬ. ಕುರಿ ಕಾಯಲು ಕಾಗದವಿಟ್ಟುಕೊಂಡೇ ಬಂದವನು. ಕಾಗದದ ಅವಧಿ ಮುಗಿಯಿತು, ಕುರಿಗಳು ಮುಗಿಯಲಿಲ್ಲ, ಇಲ್ಲೇ ಉಳಿದ. ಇಲ್ಲೇ ಮದುವೆಯಾದ, ಆಗಷ್ಟೇ ಮಾತು ಕಲಿಯುತ್ತಿದ್ದ ಮಗಳೊಬ್ಬಳಿದ್ದಳು. ಹಿಂದೊಮ್ಮೆ ಕುಡಿದು ಧಣಿಯ ಟ್ರ್ಯಾಕ್ಟರಿನಲ್ಲಿ ಊರಿನ ಕುಣಿತಕ್ಕೆ ಹೋಗಿ ಶಿಕ್ಷೆ ಅನುಭವಿಸಿದ್ದ. ಈ ಸಲವೂ ಅದೇ ಟ್ರ್ಯಾಕ್ಟರು, ಅದೇ ಕುಣಿತ. ನ್ಯಾಯಾಧೀಶರು ಸೋಮವಾರದಿಂದ ಶುಕ್ರವಾರದವರೆಗೆ ಜೈಲು ಎಂದರು. ಒದಿಲಿಯಾ ಚಪ್ಪಾಳೆ ತಟ್ಟುವುದೊಂದು ಬಾಕಿ.

ಸೋಮವಾರ ಸಂಜೆ ನಸಾರಿಯೊ ತಾನೇ ಪಾತ್ರೆ ಹೊತ್ತು ರಸ್ತೆ ದಾಟಿದ. ಗಾಳಿಗೆ ಅರ್ಧ ಸಾರು ಪ್ಯಾಂಟಿನ ಮೇಲಾಯಿತು. ಪೆಟ್ರೋಲ್ ಬಂಕಿನ ಮುಂದೆ ಕೂತವರು, "ಯಾರಿಗಪ್ಪಾ ಬುತ್ತಿ? ಜೈಲಲ್ಲಿ ಹೆರಿಗೆ ಆಗಿದ್ಯಾ?" ಎಂದು ಕಿಚಾಯಿಸಿದರು. ಒಳಗೆ ತೆಯೋಫಿಲೊ ಮುಖ ಊದಿಸಿಕೊಂಡು ತಟ್ಟೆ ಮುಟ್ಟದೆ ಕೂತಿದ್ದ.

"ನಾನೇನು ತಪ್ಪು ಮಾಡ್ದೆ ಡಾನ್ ನಸಾರಿಯೊ?"

"ಟ್ರ್ಯಾಕ್ಟರ್ ಓಡಿಸ್ದೆ."

"ಅದು ಗೊತ್ತು. ಅಮ್ಮಾವ್ರಿಗೆ ಏನು ಮಾಡ್ದೆ? ಮನೆಗ್ಯಾಕೆ ಕರೀತಿಲ್ಲ?"

ನಸಾರಿಯೊ ಪಕ್ಕದಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ. ತನ್ನ ಕೆಲಸ ಈಗ ನಿನ್ನ ಕೈಯಲ್ಲಿದೆ, ನಾಲ್ಕು ದಿನ ಅಲ್ಲಾಡಬೇಡ ಎಂದು ಕೈದಿಯ ಮುಂದೆ ಜೈಲರ್ ಕೈಮುಗಿಯುವುದೊಂದು ಉಳಿದಿತ್ತು, ಅದನ್ನೂ ಮಾಡಿದ. ತೆಯೋಫಿಲೊ ಒಳ್ಳೆಯ ಹುಡುಗ. "ಅಷ್ಟೇ ತಾನೇ? ಕೂತಿರ್ತೀನಿ ಬಿಡಿ," ಎಂದು ತಣ್ಣಗಾದ ಸಾರು ಕುಡಿದ. ಮಂಗಳವಾರ ಕೂತ. ಬುಧವಾರ ಹೆಂಡತಿ ಮಗಳನ್ನು ಎತ್ತಿಕೊಂಡು ಬಂದು ಕಿಟಕಿಯಾಚೆ ನಿಂತರೂ, ಅವನು ಬಾಗಿಲ ತನಕ ಬರಲು ಒಪ್ಪಲಿಲ್ಲ. "ಕಾಲು ಹೊರಗಿಟ್ರೆ ಡಾನ್ ನಸಾರಿಯೊ ಕೆಲಸ ಹೋಗುತ್ತೆ," ಎಂದು ಅಲ್ಲಿಂದಲೇ ಕೈಬೀಸಿದ.

ಗುರುವಾರ ಮಧ್ಯಾಹ್ನ ಒದಿಲಿಯಾ ಅರ್ಜಿ ತುಂಬಲು ಅವನ ಹುಟ್ಟಿದೂರು, ಹುಟ್ಟಿದ ದಿನ, ಅಡ್ಡಹೆಸರು ಎಲ್ಲ ಕೇಳಿ ಬರೆದುಕೊಂಡಳು. ನಸಾರಿಯೊಗೆ ಯಾಕೋ ಕಸಿವಿಸಿಯಾಯಿತು.

"ಇಷ್ಟೆಲ್ಲ ಯಾಕಮ್ಮಾ ಅವ್ರಿಗೆ?"

"ನಿಜವಾಗ್ಲೂ ಕಾಗದ ಇಲ್ದವನೇನಾ ಅಂತ ಹುಡುಕಿ ನೋಡ್ತಾರೆ."

"ಹೌದು ಅಂತ ಗೊತ್ತಾದ್ರೆ?"

"ನಮಗೆ ದುಡ್ಡು."

"ಅವ್ನಿಗೆ?"

ಒದಿಲಿಯಾ ಕಾಗದ ತಿರುಗಿಸಿ ಮತ್ತೆ ನೋಡಿದಳು. "ಅದು ಈ ಅರ್ಜೀಲಿಲ್ಲ. ಗಡೀಪಾರು ಮಾಡೋದು ಬೇರೆ ಇಲಾಖೆ," ಎಂದಳು. ಅವಳ ದನಿಯೂ ಸಣ್ಣಗಾಗಿತ್ತು.

ನಸಾರಿಯೊಗೆ ತನ್ನ ಮೇಲೇ ಅಸಹ್ಯವಾಯಿತು. ಮನುಷ್ಯರನ್ನು ಕೂಡಿಹಾಕಿ ಹೊಟ್ಟೆ ಹೊರೆದವನು ನಿಜ. ಕೂಡಿಹಾಕಿದವರಿಗೆ ತನ್ನ ಮನೆಯ ಊಟವನ್ನೇ ಹಾಕಿದ್ದೇನೆಂಬ ಸಮಾಧಾನ ಇತ್ತು. ಮಾರಿದವನಲ್ಲ. ಆರು ಹೊಡೆಯುತ್ತಲೇ ಕೋಣೆಯ ಬಾಗಿಲು ತೆಗೆದ.

"ನಡಿ, ಊಟಕ್ಕೆ."

"ಹುಚ್ಚಾ ನಿಮಗೆ? ಇವತ್ತೊಂದು ರಾತ್ರಿ ಕಳೆದ್ರೆ ನಿಮ್ಮ ಲೆಕ್ಕ ತುಂಬುತ್ತೆ. ನಾನು ಬರಲ್ಲ," ಎಂದು ತೆಯೋಫಿಲೊ ಮಂಚದ ಸರಳು ಹಿಡಿದುಕೊಂಡ. ಜೈಲರ್ ಕೈದಿಯ ರಟ್ಟೆ ಹಿಡಿದು ಹೊರಗೆ ಎಳೆದ, ಕೈದಿ ಒಳಕ್ಕೆ ಎಳೆದ. ಕೊನೆಗೆ ಪೆರ್ಫೆಕ್ತಾ ರಸ್ತೆಯಾಚೆಯಿಂದ, "ಏ ಮುದುಕಾ, ಬರ್ತೀರೋ ಇಲ್ವೋ, ರೊಟ್ಟಿ ಒಣಗ್ತಿದೆ!" ಎಂದು ಕೂಗಿದಾಗ ಹುಡುಗ ಸೋತು ಎದ್ದ. ಏಳಕ್ಕೆ ತಟ್ಟೆ ತೊಳೆದಿಟ್ಟು ವಾಪಸು ಬಂದ.

ಶುಕ್ರವಾರ ಬೆಳಿಗ್ಗೆ ಅವನನ್ನು ಬಿಟ್ಟು ಕಳಿಸಿದ ಮೇಲೆ ಒದಿಲಿಯಾ ಪುಸ್ತಕ ತೆರೆದಳು. ಗುರುವಾರದ ಸಾಲು ಕಂಡು ಅವಳಿಗೆ ಅಳುವೇ ಬಂತು.

"ಡಾನ್ ನಸಾರಿಯೊ! ಹಸ್ದಿದ್ದ, ಕರ್ಕೊಂಡ್ ಹೋದ್ರಿ, ಹೋಗ್ಲಿ. ಅದನ್ನ ಬರೀಲೇಬೇಕಿತ್ತಾ? ಇನ್ನು ಅವ್ನ ಹೆಸರು ಕಳಿಸೋ ಹಾಗೇ ಇಲ್ಲ. ಬರೀದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನಿಮ್ಮ ಕೆಲಸ ಉಳೀತಿತ್ತಲ್ಲ!"

ನಸಾರಿಯೊ ಮೇಜಿನ ಖಾನೆಯಿಂದ ತನ್ನ ಕನ್ನಡಕ, ಕಾಫಿ ಲೋಟ ಒಂದೊಂದಾಗಿ ತೆಗೆದಿಡುತ್ತಿದ್ದ.

"ಅವ್ನಿಗೆ ಹಸಿವೇ ಇರ್ಲಿಲ್ಲ ಮಗಳೇ," ಎಂದ. "ಬರೆಯೋಕೆ ಅಂತಾನೇ ಕರ್ಕೊಂಡ್ ಹೋಗಿದ್ದು."