ಸುನಂದಾಳ ಮುಖಕ್ಕೆ ಎರಡು ಬೆರಳು ಸನ್‌ಸ್ಕ್ರೀನ್

"ಮಗಳ ಮದುವೆಲಿ ನಾ ಧಾರೆಗೆ ನಿಲ್ಲೂದಿಲ್ಲ ಗೋ. ಅಡುಗೆಮನೆಲೇ ಇರ್ತೆ. ಅತ್ತಿಗೆ ನಿಲ್ಲಲಿ."

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಮದಳ್ಳಿಯಿಂದ ಸುನಂದಾ ಫೋನ್ ಮಾಡಿ ಹೀಗಂದಳು. ನಾನು ಹಲ್ಲುಜ್ಜುತ್ತಿದ್ದವಳು ಬ್ರಶ್ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಸುನಂದಾ ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳತಿ. ಈಗ ಮೀನು ಒಣಗಿಸಿ ಮಾರುತ್ತಾಳೆ. ಅವಳು ನಕ್ಕರೆ ಪಕ್ಕದ ದೋಣಿಯವರು ತಿರುಗಿ ನೋಡುತ್ತಾರೆ. (ಉತ್ಪ್ರೇಕ್ಷೆ ಅನ್ನಿಸಿದರೆ ಒಮ್ಮೆ ಬಂದು ಕೇಳಿ.) ಇರುವುದು ಒಬ್ಬಳೇ ಮಗಳು, ಪ್ರಜ್ಞಾ. ವರ ಅಂಕೋಲೆಯವನು, ಮೇ ತಿಂಗಳಲ್ಲಿ ಮದುವೆ. ಅಂಥವಳು ಧಾರೆ ಎರೆಯುವುದಿಲ್ಲ ಅಂದರೆ ಏನರ್ಥ?

ಸಂಜೆ ಆಫೀಸು ಮುಗಿಸಿ ಕಾರವಾರದಿಂದ ನೇರ ಅವಳ ಮನೆಗೆ ಹೋದೆ. ಸೆರಗು ಮುಖದ ತುಂಬ ಎಳೆದುಕೊಂಡೇ ಬಾಗಿಲು ತೆಗೆದಳು. ಸರಿಸಿ ನೋಡಿದೆ. ಕೆನ್ನೆ, ಹಣೆ ಕೆಂಪೇ ಕೆಂಪು. ಸಣ್ಣ ಗುಳ್ಳೆಗಳು. ಅಲ್ಲಲ್ಲಿ ಕಪ್ಪು ಮಚ್ಚೆ.

"ಎಂತಾ ಹಚ್ಚಿದ್ಯೇ ಮಾರಾಯ್ತಿ?"

ಕಪಾಟಿನಿಂದ ಒಂದು ಟ್ಯೂಬ್ ತೆಗೆದುಕೊಟ್ಟಳು. ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯ ಯಾರೋ "ಹುಡುಗಿ ಅಡ್ಡಿಲ್ಲ, ತಾಯಿ ಮಾತ್ರ ಕಪ್ಪು" ಅಂದರಂತೆ. ಅದು ಇವಳ ಕಿವಿಗೆ ಬಿದ್ದಿದೆ. ಮರುದಿನವೇ ಅಂಗಡಿಗೆ ಹೋಗಿ ಬೆಳ್ಳಗಾಗುವ ಕ್ರೀಮ್ ಕೇಳಿದ್ದಾಳೆ. ಮೊದಲು ಮುಖ ಹೊಳೆಯಿತು. ಆಮೇಲೆ ಉರಿಯಿತು. ಈಗ ಬಿಸಿಲಿಗೆ ಮುಖ ಕೊಟ್ಟರೆ ಮೆಣಸು ಅರೆದು ಹಚ್ಚಿದ ಹಾಗೆ.

"ಈ ಮೋರೆ ಹೊತ್ಕಂಡು ಮಂಟಪಕ್ಕೆ ಹೋಗೂಕಾಗ್ತದಾ? ಫೋಟೋಲಿ ಜನ್ಮಪೂರ್ತಿ ಇರ್ತದೆ" ಅಂದಳು. ಜೋರಾಗಿ ನಗುವವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

ಮರುದಿನ ರಜೆ ಹಾಕಿ ಅವಳನ್ನು ಚರ್ಮದ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಡಾಕ್ಟರು ನಮಗಿಂತ ತೀರಾ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟ್ಯೂಬ್ ನೋಡಿದ್ದೇ ತಲೆ ಕೊಡವಿದರು.

"ಇದರಲ್ಲಿ ಸ್ಟೀರಾಯ್ಡ್ ಇದೆ ಅಮ್ಮಾ. ಚರ್ಮ ತೆಳ್ಳಗಾಗಿದೆ, ಅದಕ್ಕೇ ಬಿಸಿಲು ಚುಚ್ಚುತ್ತಿದೆ. ಇನ್ನು ಇದನ್ನು ಮುಟ್ಟಬೇಡಿ. ಬಿಟ್ಟ ಮೇಲೆ ಸ್ವಲ್ಪ ದಿನ ಜಾಸ್ತಿ ಉರಿಯಬಹುದು. ಹೆದರಬೇಡಿ, ಔಷಧಿ ಕೊಡ್ತೇನೆ. ಉರಿ ಇಳಿದ ಮೇಲೆ ಸನ್‌ಸ್ಕ್ರೀನ್. ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬಾರದು."

ಸುನಂದಾ ಕಣ್ಣರಳಿಸಿದಳು. "ಬಿಸಿಲಿಗೆ ಹೋಗದಿದ್ರೆ ಮೀನು ಒಣಗೂದು ಹೆಂಗೆ ಡಾಕ್ಟ್ರೇ?"

"ಬಿಸಿಲಲ್ಲಿ ಒಣಗಬೇಕಾದ್ದು ಮೀನು. ನೀವಲ್ಲವಲ್ಲ?"

ಅಷ್ಟೇ. ಸುನಂದಾ ನಕ್ಕಳು! ಹೊರಗೆ ಕೂತಿದ್ದ ಪೇಶೆಂಟುಗಳು ಬಾಗಿಲಲ್ಲಿ ಇಣುಕಿದರು.

ಆಮೇಲೆ ಡಾಕ್ಟರೂ ಸುನಂದಾಳೂ ಕೂತು ದಾರಿ ಹುಡುಕಿದರು. ಹೊತ್ತೇರುವ ಮೊದಲೇ ಮೀನು ಹರವುವುದು, ಇಳಿಹೊತ್ತಿಗೆ ಎತ್ತುವುದು. ನಡುವೆ ಕಾಗೆ ಓಡಿಸುತ್ತ ಕೂರಲು ತೆಂಗಿನ ಮಡಲಿನ ಚಪ್ಪರದ ನೆರಳು. ಅಗಲ ಅಂಚಿನ ಟೊಪ್ಪಿ, ಉದ್ದ ತೋಳಿನ ಅಂಗಿ. "ಸನ್‌ಸ್ಕ್ರೀನ್ ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳಿನುದ್ದ ಬೇಕು. ಹೊರಡುವ ಸ್ವಲ್ಪ ಮೊದಲೇ ಹಚ್ಚಿ. ಬೆವರಿದರೆ ಮತ್ತೆ ಹಚ್ಚಬೇಕು. ಮೋಡವಿದ್ದರೂ ಬೇಕು. ಕಪ್ಪು ಚರ್ಮಕ್ಕೆ ಬೇಡ ಅನ್ನೋದೆಲ್ಲ ಸುಳ್ಳು."

ನಾನು ಮೆಲ್ಲನೆ ನನ್ನ ಅಳತೆ ಹೇಳಿದೆ. ಬಟಾಣಿ ಕಾಳಿನಷ್ಟು, ದಿನಕ್ಕೊಮ್ಮೆ. "ಅದು ಮೂಗಿಗಾಯಿತು. ಉಳಿದ ಮುಖಕ್ಕೆ?" ಅಂದರು ಡಾಕ್ಟರು. (ನೀವು ನಗಬೇಡಿ. ನಿಮ್ಮದೆಷ್ಟು?)

ಮೊದಲ ವಾರ ಕಷ್ಟದ್ದು. ಉರಿ ಹೆಚ್ಚಾಗಿ ಸುನಂದಾ, ಆ ಟ್ಯೂಬನ್ನೇ ಮತ್ತೆ ಹಚ್ಚುತ್ತೇನೆ ಅಂತ ಹಟ ಹಿಡಿದಳು. ಪ್ರಜ್ಞಾ ಅದನ್ನು ಕಸದ ಬುಟ್ಟಿಗೆ ಎಸೆದು, "ಆಯಿ, ನೀ ಧಾರೆ ಎರೆಯದಿದ್ರೆ ನಾ ಮಂಟಪ ಹತ್ತೂದಿಲ್ಲ" ಅಂದಳು. ತಾಯಿಗೆ ಸರಿಯಾದ ಮಗಳು!

ಏಪ್ರಿಲ್ ಕೊನೆಗೆ ನಾನು ಹೋದಾಗ ಕೆಂಪು ಇಳಿದಿತ್ತು. ಮಚ್ಚೆಗಳು ಪೂರ್ತಿ ಹೋಗಿರಲಿಲ್ಲ, ಅವಕ್ಕೆ ಇನ್ನೂ ತಿಂಗಳುಗಟ್ಟಲೆ ಬೇಕಂತೆ. ಚಪ್ಪರದಡಿ ಸುನಂದಾ ಸನ್‌ಸ್ಕ್ರೀನ್ ಹಚ್ಚಿ ಬಿಳಿ ಬಿಳಿ ಮುಖ ಮಾಡಿಕೊಂಡು ಕೂತಿದ್ದಳು. "ಯಕ್ಷಗಾನಕ್ಕೆ ಹೊರಟದ್ದಾ?" ಅಂತ ಮೊದಲು ತಮಾಷೆ ಮಾಡಿದ್ದ ಹೆಂಗಸರು ಈಗ ತಮಗೂ ಬೇಕು ಅಂತ ಅವಳ ಸುತ್ತ ಎರಡೆರಡು ಬೆರಳು ಚಾಚಿ ಕೂತಿದ್ದರು.

ಮದುವೆಯ ದಿನ ಅಂಕೋಲೆಯ ಹಾಲ್‌ನಲ್ಲಿ ಬ್ಯೂಟಿಷಿಯನ್ ಬಿಳಿ ಪೌಡರು ಹಿಡಿದು ಸುನಂದಾಳತ್ತ ಬಂದಳು. "ಬ್ಯಾಡ ತಂಗಿ. ನನ್ನ ಬಣ್ಣ ನಂಗೇ ಇರ್ಲಿ. ಹೂವು ಮಾತ್ರ ಮುಡಿಸು." ಅಬ್ಬಲಿಗೆ ಮುಡಿದು, ಹಸಿರು ಸೀರೆಯುಟ್ಟು ಮಂಟಪ ಹತ್ತಿದಳು. ಧಾರೆ ಎರೆಯುವಾಗ ಅವಳ ಕಣ್ಣೀರು ಇಳಿಯಿತು. ಫೋಟೋಗ್ರಾಫರ್ "ಅಮ್ಮಾ, ಇಲ್ಲಿ ನೋಡಿ" ಅಂದಾಗ ಧೈರ್ಯವಾಗಿ ಮುಖವೆತ್ತಿ ನೋಡಿದಳು.

ಊಟದ ಹೊತ್ತಿಗೆ ವರನ ತಾಯಿ ನಮ್ಮಿಬ್ಬರನ್ನೂ ಬಟ್ಟೆ ಬದಲಿಸುವ ಕೋಣೆಗೆ ಕರೆದರು. ದಪ್ಪ ಮೇಕಪ್ಪು. ಇನ್ನೇನು ತಕರಾರೋ ಅಂದುಕೊಂಡು ಹಿಂದೆ ಹೋದೆ. ಅವರು ಬಾಗಿಲು ಹಾಕಿ, ಒದ್ದೆ ಕರವಸ್ತ್ರದಿಂದ ಕೆನ್ನೆ ಒರೆಸಿ ತೋರಿಸಿದರು. ಅದೇ ಕೆಂಪು. ಅದೇ ಗುಳ್ಳೆ.

"ಹುಡುಗನ ತಾಯಿ ಅಂದ್ರೆ ಎಲ್ಲರೂ ನೋಡ್ತರು ಅಂತ ಎಂತದೋ ಹಚ್ಕಂಡೆ. ಮಾತಾಡೂಕೂ ಉರಿ ಬತ್ತದೆ. ನಿಮ್ಗೂ ಹೀಂಗೇ ಆಗಿತ್ತಂತೆ, ಪ್ರಜ್ಞಾ ಅಂದ್ಲು. ನಿಮ್ಮ ಮೋರೆ ಹೆಂಗೆ ಗುಣ ಆಯ್ತು?" ಅಂದರು.

ಸುನಂದಾ ಬೀಗತಿಯ ಕೈ ಹಿಡಿದು ನಕ್ಕ ನಗೆಗೆ ಊಟದ ಪಂಕ್ತಿಯೇ ತಿರುಗಿ ನೋಡಿರಬೇಕು. "ಸೋಮವಾರ ಬನ್ನಿ. ಡಾಕ್ಟ್ರ ಹತ್ರ ನಾನೇ ಕರ್ಕಂಡು ಹೋಗ್ತೆ. ಚಲೋ ನಗಸ್ತಾರೆ."

ಹೋಗಿ ಬಂದರು. ಈಗ ಬೀಗತಿಯರಿಬ್ಬರೂ ಫೋನ್ ಮಾಡಿಕೊಂಡು ಸನ್‌ಸ್ಕ್ರೀನ್ ಹಚ್ಚಿಯಾಯಿತಾ ಅಂತ ವಿಚಾರಿಸುತ್ತಾರೆ. ಬಿಸಿಲಿಗೆ ಚರ್ಮ ಕಾಯ್ದುಕೊಳ್ಳಬೇಕು, ನಿಜ. ಆದರೆ ಕಪ್ಪು ಅಂದರೆ ನಾಚಿಕೆ ಅಂತ ನಮಗೆ ಹೇಳಿಕೊಟ್ಟದ್ದು ಬಿಸಿಲಂತೂ ಅಲ್ಲವಲ್ಲ?