ಎಲ್ಲೆಲ್ಲೂ ದೊಡ್ಡಕ್ಕ
ನಮ್ಮ ಆಸ್ಪತ್ರೆಯ ಮುಖ್ಯ ನರ್ಸನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ರೋಗಿಗಳ ವಿವರವೆಲ್ಲ ಕ್ಲೌಡ್‌ಗೆ ಏರಬೇಕೆಂದು ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನು ಮೊದಲು ಕಲಿತವಳು ಅವಳು. ಕಲಿತದ್ದೇ ತಡ, ನೆರೆಮನೆಗೆ ಹೆಪ್ಪು ಕೊಟ್ಟಷ್ಟು ಸಲೀಸಾಗಿ ತನ್ನ ಪಾಸ್‌ವರ್ಡನ್ನು ನರ್ಸುಗಳಿಗೆಲ್ಲ ಹಂಚಿಬಿಟ್ಟಳು. "ನೀವು ನಿಮ್ಮದನ್ನ ನೆನಪು ಮಾಡ್ಕೊಳ್ಳೋ ಹೊತ್ತಿಗೆ ರೋಗಿ ಗುಣವಾಗಿ ಮನೆ ಸೇರಿರ್ತಾನೆ, ನನ್ನದರಲ್ಲೇ ಹಾಕ್ರೇ!" ಹೀಗಾಗಿ ಕ್ಲೌಡ್ ಪ್ರಕಾರ ದೊಡ್ಡಕ್ಕನಿಗೆ ಊಟವಿಲ್ಲ, ನಿದ್ದೆಯಿಲ್ಲ, ಒಂದೇ ಗಳಿಗೆಯಲ್ಲಿ ಎಲ್ಲ ಮಹಡಿಗಳಲ್ಲೂ ಸೂಜಿ ಚುಚ್ಚುತ್ತಾಳೆ, ರಜೆ ಹಾಕಿದ ದಿನವಂತೂ ಇನ್ನೂ ಚುರುಕು. ಆ ಸಾಫ್ಟ್‌ವೇರ್ ನೋಡಿಕೊಳ್ಳುವ ನಾನು ತಲೆ ಚಚ್ಚಿಕೊಂಡರೆ, "ಯಾರು ಕೊಟ್ರೇನಪ್ಪಾ, ಔಷಧಿ ಹೊಟ್ಟೆಗೆ ಹೋಯ್ತಲ್ಲ" ಎಂದು ನಕ್ಕುಬಿಡುತ್ತಾಳೆ. ಅಂಥವಳು ಒಂದೇ ಒಂದು ಸಲ ತಾನಾಗಿ ನನ್ನ ಕೋಣೆಗೆ ಬಂದು ತಿದ್ದುಪಡಿ ಕೇಳಿದ್ದಾಳೆ. ಅವಳ ತಾಯಿ ನಮ್ಮ ಕೆಳಗಿನ ವಾರ್ಡಿನಲ್ಲೇ ತೀರಿಕೊಂಡಿದ್ದರು. ಕೊನೆಯ ಔಷಧಿ ಕುಡಿಸಿ ಪಕ್ಕದಲ್ಲಿ ಇದ್ದವಳು ದೊಡ್ಡಕ್ಕ ಎಂದು ದಾಖಲಾಗಿತ್ತು. ಆ ಹೊತ್ತಿನಲ್ಲಿ ಅವಳು ಮೇಲಿನ ಮಹಡಿಯಲ್ಲಿ ಬೇರೆ ಯಾರದೋ ತಾಯಿಯ ಕೈ ಹಿಡಿದು ಕೂತಿದ್ದಳು. "ಇದ್ದವಳ ಹೆಸರು ಹಾಕಿ," ಎಂದಳು. "ನಾನಲ್ಲಿ ಇರ್ಲಿಲ್ಲ."