ಮಜೀದಾ ಒತ್ತಿಟ್ಟ ಮಾಂಸ

ಬಿಸಿ ಊಟವೇ ಮರ್ಯಾದೆ, ತಣ್ಣಗಿದ್ದದ್ದೆಲ್ಲ ನಿನ್ನೆಯದು ಎಂದು ನಂಬಿದ ಸೀಮೆ ನಮ್ಮದು. ಇಂಥ ಕಡೆ ತಣ್ಣಗಿನ ಮಾಂಸ ಬಡಿಸಿ ಹೆಸರು ತೆಗೆದುಕೊಳ್ಳಬೇಕೆಂದು ಹೊರಟವಳು ಶಹಾಪುರದ ಮಜೀದಾ. ಅವಳ ತಪ್ಪೇನಾದರೂ ಇದ್ದರೆ ಅದೊಂದೇ. ಉಳಿದ ತಪ್ಪೆಲ್ಲ ಬೇರೆಯವರದು. ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಅವಳು ಹುಟ್ಟಿದ್ದು ಸಗರದಲ್ಲಿ, ಮದುವೆಯಾಗಿ ಬಂದದ್ದು ಶಹಾಪುರಕ್ಕೆ. ಗಂಡ ಬೇಗ ತೀರಿಕೊಂಡ. ಅಲ್ಲಿಂದ ಇಪ್ಪತ್ತೆರಡು ವರ್ಷ ಕಾಲುವೆ ಇಂಜಿನಿಯರುಗಳ ಕಾಲೊನಿಯ ಒಂದೇ ಬಂಗಲೆಯಲ್ಲಿ ಅಡುಗೆ ಮಾಡಿದಳು. ಸಾಹೇಬರು ಬದಲಾಗುತ್ತಿದ್ದರು, ಅಡುಗೆಯವಳು ಬದಲಾಗಲಿಲ್ಲ. ಮೊದಲ ಸಾಹೇಬರ ಹೆಂಡತಿ ಮಂಗಳೂರು ಕಡೆಯ ಕ್ರೈಸ್ತ ಹೆಣ್ಣುಮಗಳು. ಒಂದು ಕ್ರಿಸ್‌ಮಸ್ಸಿಗೆ ಆಕೆ ಊರಿನಿಂದ ಉಪ್ಪು ಹಚ್ಚಿದ ಹಂದಿತೊಡೆ ತರಿಸಿದರು. ಬೇಯಿಸಿ, ಎಳೆಎಳೆ ಬಿಡಿಸಿ, ಗಟ್ಟಿ ರಸ ಹೊಯ್ದು, ಉದ್ದನೆಯ ಡಬ್ಬಿಯಲ್ಲಿ ಒತ್ತಿ, ಮೇಲೆ ಭಾರ ಹೇರಿ ತಂಪಿಗಿಟ್ಟರು. ಮರುದಿನ ಡಬ್ಬಿ ಬೋರಲು ಹಾಕಿದರೆ ಇಟ್ಟಿಗೆಯಂಥ ಗಟ್ಟಿ. ಅದನ್ನು ತೆಳ್ಳಗೆ ಕೊಯ್ದು, ಊಟಕ್ಕೆ ಮೊದಲು ಒಬ್ಬೊಬ್ಬರಿಗೆ ಒಂದೊಂದು ಹೋಳು ಇಟ್ಟರು.

"ಅದನ್ನ ನಾ ಮುಟ್ಟಂಗಿಲ್ರಿ ಮೇಡಂ," ಎಂದು ಮಜೀದಾ ಮೊದಲೇ ಹೇಳಿದ್ದಳು. ಮುಟ್ಟಲೂ ಇಲ್ಲ. ಆದರೆ ಬಾಗಿಲಲ್ಲಿ ನಿಂತು ರೆಪ್ಪೆ ಬಡಿಯದೆ ನೋಡಿದಳು. ಹಂದಿ ಬೇಡವಾದರೆ ಊರಲ್ಲಿ ಆಡಿಗೆ ಬರವೇ? ಮನೆಗೆ ಹೋಗಿ ಆಡಿನ ತೊಡೆ, ಆಡಿನ ಕಾಲು ತಂದು ಅದನ್ನೇ ಮಾಡಿದಳು. ಎರಡು ಸಲ ಕೆಟ್ಟಿತು, ಮೂರನೆಯ ಸಲ ನಿಂತಿತು. ಆಡಿನ ಕಾಲಿನಲ್ಲಿರುವ ಅಂಟು ಹಂದಿಯಲ್ಲೂ ಇಲ್ಲ ಎಂದು ಅವಳ ವಾದ.

ಮುಂದಿನ ವರ್ಷದಿಂದ ಬಂಗಲೆಯ ದೊಡ್ಡ ಊಟಗಳಿಗೆಲ್ಲ ಮಜೀದಾಳ ಆಡಿನ ಮಾಂಸವೇ. ಅತಿಥಿಗಳು ಬಾಯಿ ಚಪ್ಪರಿಸಿ, "ಮೇಡಂ, ಏನು ಕೈರುಚಿ ನಿಮ್ಮದು!" ಎನ್ನುವರು. ಮೇಡಂ ನಗುವರು. ಆ ಮೇಡಂ ಹೋಗಿ ಇನ್ನೊಬ್ಬರು ಬಂದರು, ಅವರೂ ನಕ್ಕರು. ಆರು ಮೇಡಂಗಳಲ್ಲಿ ಒಬ್ಬರಾದರೂ ಅಡುಗೆಮನೆಯ ಕಡೆ ಒಂದು ಬೆರಳು ತೋರಿಸಲಿಲ್ಲ. ಹಬ್ಬಕ್ಕೆ ಸೀರೆ ಕೊಟ್ಟರು, ಜ್ವರ ಬಂದರೆ ಗುಳಿಗೆ ಕೊಟ್ಟರು. ಹೆಸರು ಕೊಡಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಕಾಲೊನಿಯ ಮನೆಗಳು ಖಾಲಿಯಾದ ಮೇಲೆ ಮಜೀದಾ ಮದುವೆ ಮನೆಗಳ ಅಡುಗೆ ಹಿಡಿದಳು. ಅಲ್ಲಿಯೂ ಹೊಗಳಿಕೆ ಕೆಟರಿಂಗ್‌ನವನಿಗೇ ಹೋಯಿತು.

ಹೀಗಿರುವಾಗ ಸುರಪುರದ ಬಟ್ಟೆ ವ್ಯಾಪಾರಿ ಜಮಾಲಸಾಬರ ಮಗಳು ಫರ್ಹೀನ್‌ಳ ಮಂಗ್ನಿ, ಅಂದರೆ ನಿಶ್ಚಿತಾರ್ಥ, ಗೊತ್ತಾಯಿತು. ವರ ಯಾದಗಿರಿಯವನು. ಡಿಗ್ರಿ ಓದುವಾಗ ಫರ್ಹೀನ್ ಶಹಾಪುರದಲ್ಲಿ ಮಜೀದಾಳ ಓಣಿಯಲ್ಲೇ ಇದ್ದವಳು, ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಲೇ ಅವಳ ಒತ್ತಿದ ಮಾಂಸ ಕದ್ದು ತಿಂದವಳು. ಅವಳೇ ಬಂದು ಕರೆದಳು. ಅವರ ಮನೆಮಾತು ದಖನಿ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಊರ ಕನ್ನಡದಲ್ಲೇ ಹೇಳುತ್ತಿದ್ದೇನೆ.

"ಖಾಲಾ, ಬಿರ್ಯಾನಿ ಯಾರರೆ ಮಾಡ್ಲಿ. ದಾವತ್ತಿನ ಊಟಕ್ಕ ಮೊದಲನೇ ತಾಟು ನಿಂದು. ಇದು ಮಜೀದಾ ಖಾಲಾ ಮಾಡಿದ್ದು ಅಂತ ಎಲ್ಲಾರ ಮುಂದ ಹೇಳಸ್ತೀನಿ."

ಮೂವತ್ತು ವರ್ಷದಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. ಮಜೀದಾ ಎರಡು ದಿನ ಮೊದಲೇ ಸುರಪುರಕ್ಕೆ ಹೋಗಿ ಕುಳಿತಳು. ಇಪ್ಪತ್ತನಾಲ್ಕು ಕಾಲುಗಳನ್ನು ಸುಟ್ಟು, ಕೆರೆದು, ಮುಂಜಾನೆಯಿಂದ ಸಂಜೆಯವರೆಗೆ ಸಣ್ಣ ಉರಿಯಲ್ಲಿ ಬೇಯಿಸಿದಳು. ಬೆರಳಿಗೆ ಬೆರಳು ಅಂಟುವಷ್ಟು ರಸ ಬತ್ತಿದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಿದಳು. ಉಪ್ಪಿನಲ್ಲಿ ನೆನೆದ ತೊಡೆ ಮಾಂಸವನ್ನು ಬೇರೆ ಬೇಯಿಸಿ ಬಿಡಿಸಿದಳು. ಒಂದು ಪದರ ಮಾಂಸ, ಮೇಲೆ ಕುಟ್ಟಿದ ಮೆಣಸು, ಕೊತ್ತಂಬರಿ, ಒಂದು ಸೌಟು ರಸ, ಮತ್ತೆ ಮಾಂಸ. ಹೀಗೆ ಮೂರು ಡಬ್ಬಿ ತುಂಬಿ, ಒಳಗೆ ಇಳಿಯುವಂಥ ಹಲಗೆ ಇಟ್ಟು, ಅದರ ಮೇಲೆ ರುಬ್ಬುಗುಂಡು ಹೇರಿ ತಂಪಿಗಿಟ್ಟಳು. ದಾವತ್ತಿನ ಸಂಜೆ ಒಂದನ್ನು ಬೋರಲು ಹಾಕಿ ನೋಡಿದಳು. ಅಲುಗಾಡಲಿಲ್ಲ, ಬಿರುಕಿಲ್ಲ. ತೆಳ್ಳಗೆ ಕೊಯ್ದು ಕಡಕ್ ರೊಟ್ಟಿಯ ಚೂರಿನ ಮೇಲೆ ಇಟ್ಟು ಲಿಂಬೆ ಹಿಂಡಿ ಕೊಡುವುದೊಂದೇ ಬಾಕಿ. ಎಲ್ಲವನ್ನೂ ಫ್ರಿಜ್ಜಿನಲ್ಲಿಟ್ಟು ಮಗ್ರಿಬ್ ನಮಾಜಿಗೆ ಮಹಡಿಗೆ ಹೋದಳು.

ಬೆಣ್ಣೆ ಬರುವ ಹೊತ್ತಿಗೆ ಗಡಿಗೆ ಒಡೆಯುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಆ ಮನೆಯಲ್ಲಿ ಆಕೆಯ ಹೆಸರು ಶಾಕೀರಾ. ಜಮಾಲಸಾಬರ ಅಕ್ಕ, ಎಲ್ಲರ ಬಾಯಲ್ಲೂ ಆಪಾ, ಮನೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಮಜೀದಾ ಕೆಳಗಿಳಿದು ಬರುವಷ್ಟರಲ್ಲಿ ಮೂರೂ ಡಬ್ಬಿಯ ಮಾಂಸ ದೊಡ್ಡ ಪಾತ್ರೆಯಲ್ಲಿ ಬಿದ್ದು ಒಲೆಯ ಮೇಲೆ ಕುದಿಯುತ್ತಿತ್ತು. ಇಟ್ಟಿಗೆಯಂತಿದ್ದದ್ದು ನೀರಾಗಿ, ಎಳೆಗಳು ತೇಲುತ್ತಿದ್ದವು.

"ಆಪಾ! ಏನು ಮಾಡಿದ್ರಿ ಇದು?"

"ಏನು ಮಾಡೋದು, ಬಿಸಿ ಮಾಡೇನಿ. ಬೀಗರು ಬಂದು ಕುಂತಾರ. ಫ್ರಿಜ್ಜಿನಾಗಿಂದು ಹಂಗಽ ತಗದು ಇಟ್ರ, ನಿನ್ನಿ ಉಳದಿದ್ದು ಹಾಕ್ಯಾರ ಅಂತ ಯಾದಗಿರಿ ತುಂಬ ಆಡಿಕೊಳ್ತಾರ. ನಿನಗೇನು, ನೀ ಶಹಾಪುರಕ್ಕ ಹೋಗಾಕಿ."

"ತಣ್ಣಗ ತಿನ್ನೋದಽ ಅದು. ಎರಡು ದಿನದ ಕೆಲಸ ಆಪಾ!"

"ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದಽ. ಒಂದಿಷ್ಟು ನೀರು ಹಾಕು, ಶೋರ್ಬಾ ಆಗ್ತದ."

ಮಜೀದಾಳ ಮೈಯೆಲ್ಲ ಉರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಎತ್ತಿದವರಿಗೆ ಒಡೆದದ್ದೇನೆಂಬುದೂ ಗೊತ್ತಿರುವುದಿಲ್ಲ. ಫರ್ಹೀನ್‌ಗೆ ಹೇಳೋಣವೆಂದರೆ ಅವಳು ಒಳಕೋಣೆಯಲ್ಲಿ ಸಿಂಗಾರ ಮಾಡಿಸಿಕೊಂಡು ತಲೆ ತಗ್ಗಿಸಿ ಕುಳಿತಿದ್ದಳು. ಆ ಮುಖ ನೋಡಿ ಮಜೀದಾ ಬಾಯಿ ತೆರೆಯಲಿಲ್ಲ. ಅವಳ ಸ್ವಂತ ಎರಡು ದಿನದ ದುಡಿಮೆ ಚಹಾ ಕಪ್ಪುಗಳಲ್ಲಿ ತುಂಬಿಕೊಂಡು ಪಡಸಾಲೆಗೆ ಹೋಯಿತು.

ಶೋರ್ಬಾ ಚೆನ್ನಾಗಿಯೇ ಇತ್ತು, ಹಾಳಾದದ್ದು. ಇಪ್ಪತ್ತನಾಲ್ಕು ಕಾಲಿನ ಸಾರ ಚೆನ್ನಾಗಿರದೆ ಏನಾದೀತು? ವರನ ತಾಯಿ ಖಾಲಿ ಕಪ್ಪು ಹಿಡಿದು ಅಡುಗೆಮನೆಗೇ ಬಂದಳು.

"ಇಂಥಾ ಶೋರ್ಬಾ ನಾ ಎಲ್ಲೂ ಕುಡದಿಲ್ಲ. ಯಾರು ಮಾಡ್ಯಾರ್ರಿ?"

"ನಮ್ಮ ಮನಿತನದ ಹಳಿ ಪದ್ಧತಿರಿ," ಎಂದಳು ಶಾಕೀರಾ, ಸೆರಗು ಸರಿಮಾಡಿಕೊಳ್ಳುತ್ತ. "ನಾನಽ ನಿಂತು ಮಾಡೇನಿ."

ಮಜೀದಾ ಎರಡು ಮಾರು ದೂರದಲ್ಲಿ ಪಾತ್ರೆ ತೊಳೆಯುತ್ತ ನಿಂತಿದ್ದಳು. ಆರು ಮೇಡಂಗಳು ಸುಮ್ಮನೆ ನಕ್ಕಿದ್ದರು, ಇವಳು ಬಾಯಿ ಬಿಟ್ಟು ಹೇಳಿದಳು. ವ್ಯತ್ಯಾಸ ಅಷ್ಟೇ.

"ಹಂಗಾರ ಲಗ್ನಕ್ಕೂ ಮೊದಲು ಇದಽ ಇರಬೇಕು ನೋಡ್ರಿ," ಎಂದಳು ಬೀಗತಿ. "ನಮ್ಮ ಕಡಿಂದ ನಾಕ್ನೂರು ಮಂದಿ ಬರ್ತೀವಿ."

ನಾಕ್ನೂರು ಎಂದ ಕೂಡಲೇ ಶಾಕೀರಾಳ ಪದ್ಧತಿಯ ಜಂಬ ಇಳಿಯಿತು. "ಅದಕ್ಕೇನ್ರಿ, ನಮ್ಮ ಅಡಗಿಯಾಕಿ ಅದಾಳಲ್ಲ, ಮಾಡ್ತಾಳ," ಎಂದು ಮಜೀದಾಳ ಕಡೆ ಕೈ ಮಾಡಿದಳು.

ಮಜೀದಾ ಕೈ ಒರೆಸಿಕೊಂಡಳು. "ಇಲ್ರಿ ಅಮ್ಮಾ. ಆ ಶೋರ್ಬಾ ನಾ ಮಾಡಿದ್ದಲ್ಲ. ನನಗ ಬರಂಗೂ ಇಲ್ಲ. ಆಪಾ ನಿಂತು ಮಾಡ್ಯಾರ, ಲಗ್ನಕ್ಕೂ ಅವರಽ ಮಾಡ್ತಾರ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳಿ, ತನ್ನ ಡಬ್ಬಿಗಳನ್ನು ಚೀಲಕ್ಕೆ ತುಂಬಿ, ಊಟವನ್ನೂ ಮಾಡದೆ ಶಹಾಪುರದ ಬಸ್ಸು ಹತ್ತಿದಳು.

ಆಮೇಲೆ ಸುರಪುರದ ಆ ಮನೆಯಲ್ಲಿ ಮೂರು ಸಲ ಆಡಿನ ಕಾಲು ಬೆಂದವಂತೆ. ಒಂದು ಸಲ ತಳ ಹಿಡಿಯಿತು, ಒಂದು ಸಲ ಕೂದಲ ವಾಸನೆ ಹೊಡೆಯಿತು, ಇನ್ನೊಂದು ಸಲದ್ದನ್ನು ಜಮಾಲಸಾಬರೇ ದೂರ ಸರಿಸಿದರಂತೆ. ಲಗ್ನಕ್ಕೆ ಹನ್ನೆರಡು ದಿನ ಇದೆ ಎನ್ನುವಾಗ ಶಾಕೀರಾ ಮಜೀದಾಳ ಮನೆ ಹುಡುಕಿಕೊಂಡು ಬಂದಳು.

"ತಪ್ಪಾತವ್ವ. ಒಲಿ ಮ್ಯಾಲ ಇಡಬಾರದಾಗಿತ್ತು. ಬಂದು ಮಾಡಿಕೊಡು."

"ನನ್ನ ಮುಂದ ಹೇಳಿ ಏನು ಬಂತು ಆಪಾ? ಯಾರ ಮುಂದ ನಾನಽ ಮಾಡೇನಿ ಅಂದ್ರೋ, ಅವರ ಮುಂದ ಹೇಳ್ರಿ. ಫೋನ್ ಹಚ್ಚರಿ."

"ಬೀಗರ ಮುಂದ ನನ್ನ ಮಾನ ಹೋಗ್ತದಲ್ಲ!"

"ನಂದು ಹೋಗಲಿಕ್ಕೆ ಹತ್ತಿ ಮೂವತ್ತು ವರ್ಷ ಆತು. ಯಾರೂ ಕೇಳಿಲ್ಲ."

ಶಾಕೀರಾ ಗೋಡೆ ನೋಡಿದಳು, ನೆಲ ನೋಡಿದಳು. ಮಜೀದಾ ಅಲುಗಲಿಲ್ಲ. ಕೊನೆಗೆ ಶಾಕೀರಾ ಫೋನ್ ಹಚ್ಚಿದಳು, ಮಜೀದಾ ಸ್ಪೀಕರ್ ಒತ್ತಿದಳು.

"ಆವತ್ತು ನೀವು ಕುಡದದ್ದು ಶೋರ್ಬಾ ಅಲ್ರಿ," ಎಂದಳು ಶಾಕೀರಾ. "ತಣ್ಣಗ ಕೊಯ್ದು ತಿನ್ನೋ ಮಾಂಸ ಅದು. ನಮ್ಮ ಮನಿತನದ್ದೂ ಅಲ್ಲ, ನಾ ಮಾಡಿದ್ದೂ ಅಲ್ಲ. ಮಜೀದಾ ಮಾಡಿದ್ದನ್ನ ನಾ ಒಲಿ ಮ್ಯಾಲಿಟ್ಟು ಕೆಡಿಸಿದೆ."

ಆ ಕಡೆಯಿಂದ ಬೀಗತಿಯ ದನಿ ಬಂತು. "ಮಜೀದಾ ಅಂದ್ರ ಯಾರ್ರಿ?"

ಶಾಕೀರಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಮಜೀದಾ ಅವಳ ಕೈಯಿಂದ ಫೋನ್ ತೆಗೆದುಕೊಂಡಳು.

"ನಾನ್ರಿ," ಎಂದಳು.